ಮದುವೆ ಇಲ್ಲದ ದಿನ ಮಾತ್ರ ಆಟ

ಸಂಪಿಗೆ ರಸ್ತೆ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ಸಿಟಿಆರ್ ತಲುಪಿದಾಗ ಶನಿವಾರ ಬೆಳಗ್ಗೆ ಎಂಟು ಗಂಟೆ. ಬೆಣ್ಣೆ ದೋಸೆಗೆ ಆಗಲೇ ಜನ ಕಾಯುತ್ತಿದ್ದರು. ಆ ಗುಂಪಿನ ಅಂಚಿನಲ್ಲಿ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಕೈಯಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದವರು ನಮ್ಮ ಕಾಲೇಜಿನ ಪಿಇ ಸರ್. ನೋಡಿ ಎಂಟು ವರ್ಷವಾಗಿತ್ತು. ಈಗ ರಿಟೈರ್ ಆಗಿ ಮಲ್ಲೇಶ್ವರದಲ್ಲೇ ಇದ್ದಾರೆ.

"ಹೊಟ್ಟೆ ಬಂದಿದೆಯಲ್ಲೋ ನಿಂಗೆ," ಅಂದರು. ಅದೇ ಮೊದಲ ಮಾತು.

ನಾನು ಅವರಿಗೆ ಫೋನ್ ಮಾಡಿದ್ದು ಅಪ್ರೈಸಲ್ ಕಾಟಕ್ಕೆ. ಕಳೆದ ವರ್ಷ ಆಫೀಸಿನಲ್ಲಿ ನನ್ನನ್ನು ಟೀಮ್ ಲೀಡ್ ಮಾಡಿದರು. ಕೈಕೆಳಗೆ ಐದು ಜನ ಫ್ರೆಶರ್ಸ್. ದಿನವಿಡೀ ಅವರ ಕೋಡ್ ರಿವ್ಯೂ, ಅವರ ಡೌಟು, ಅವರು ಮುರಿದಿದ್ದನ್ನು ಸರಿ ಮಾಡಿಸೋದು. ವರ್ಷದ ಕೊನೆಗೆ 'ಈ ವರ್ಷ ನಿಮ್ಮ ಸಾಧನೆ ಏನು' ಅನ್ನುವ ಫಾರಂ ತೆರೆದರೆ ಬರೆಯೋಕೆ ಒಂದು ಸಾಲೂ ಹೊಳೆಯಲಿಲ್ಲ. ನಾನೇ ಬರೆದ ಕೋಡ್ ಹೆಚ್ಚುಕಡಿಮೆ ಸೊನ್ನೆ. ಲೀಡ್ ಆಗಿ ಮುಂದುವರೀತೀಯಾ, ವಾಪಸ್ ಕೋಡಿಂಗ್‌ಗೆ ಹೋಗ್ತೀಯಾ ಅಂತ ಸೋಮವಾರ ಹೇಳಬೇಕಿತ್ತು. ಆಗ ಯಾಕೋ ಸರ್ ನೆನಪಾದರು.

ದೋಸೆ, ಕಾಫಿ ಮುಗಿಸಿದ ಮೇಲೆ "ಬಾ, ಒಂದು ಜಾಗ ತೋರಿಸ್ತೀನಿ" ಅಂತ ಹೊರಟರು.

ಮಲ್ಲೇಶ್ವರದಲ್ಲಿ ನಡೆಯೋದೇ ಒಂದು ಖುಷಿ. ಸಂಪಿಗೆ ರಸ್ತೆ, ಮಾರ್ಗೋಸಾ ಅಂದರೆ ಬೇವಿನ ರಸ್ತೆ, ಹೀಗೆ ಬೀದಿಗಳಿಗೂ ಮರಗಳ ಹೆಸರು. ಕ್ರಾಸ್ ಮೇಲೆ ಕ್ರಾಸ್ ದಾಟಿ ಒಂದು ಕಟ್ಟಡದ ಎದುರು ನಿಂತೆವು. ಕೆನರಾ ಯೂನಿಯನ್. ಹೊರಗಿನಿಂದ ನೋಡಿದರೆ ಯಾರೂ ನಿಂತು ಫೋಟೋ ತೆಗೆಯುವಂಥ ಜಾಗ ಅಲ್ಲ.

"ಪ್ರಕಾಶ್ ಪಡುಕೋಣೆ ಆಡೋದು ಕಲಿತಿದ್ದು ಇಲ್ಲೇ," ಅಂದರು ಸರ್. "ಕೋರ್ಟ್ ಅಂದ್ರೆ ಏನು ಗೊತ್ತಾ? ಮದುವೆ ಹಾಲ್. ಮದುವೆ ಇದ್ದ ದಿನ ಆಟ ಇಲ್ಲ."

1960ರ ದಶಕದ ಕಥೆ ಅದು. ಪ್ರಕಾಶ್ ಅವರ ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. ಮಗನ ಕೈಗೆ ರ‍್ಯಾಕೆಟ್ ಕೊಟ್ಟವರೂ ಅವರೇ. 1962ರಲ್ಲಿ ರಾಜ್ಯ ಜೂನಿಯರ್ ಟೂರ್ನಿಗೆ ಹೋದ ಹುಡುಗ ಮೊದಲ ಸುತ್ತಿನಲ್ಲೇ ಸೋತ. ಎರಡು ವರ್ಷದ ನಂತರ ಅದೇ ಟೂರ್ನಿ ಗೆದ್ದ. 1980ರಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದಿದ್ದು ಎಲ್ಲರಿಗೂ ಗೊತ್ತು.

ನನಗೆ ನೆನಪಾಗಿದ್ದು ನಮ್ಮ ಕಾಲೇಜು. ನಮ್ಮ ಕೋರ್ಟೂ ಒಂದು ಮಲ್ಟಿಪರ್ಪಸ್ ಹಾಲ್. ಇಂಟರ್ನಲ್ಸ್ ಬಂದರೆ ಡೆಸ್ಕ್ ತುಂಬುತ್ತಿದ್ದವು, ಆಟ ಬಂದ್. ಖಾಲಿ ಇದ್ದ ದಿನ ಸರ್ ನೆಟ್‌ನ ಆ ಕಡೆ ನಿಂತು, ಹಳೇ ಶಟಲ್‌ಗಳ ರಾಶಿಯಿಂದ ಒಂದಾದ ಮೇಲೊಂದು ಎಸೆಯುತ್ತಿದ್ದರು. ಮುಂದೆ ಒಂದು, ಹಿಂದೆ ಒಂದು, ಎಡಕ್ಕೆ, ಬಲಕ್ಕೆ. ನಾವು ಓಡಿ ಹೊಡೆದು ಮತ್ತೆ ಮಧ್ಯಕ್ಕೆ ಬರಬೇಕು. ನನ್ನ ಸ್ಮ್ಯಾಶ್ ಎಷ್ಟು ಚೆನ್ನಾಗಿದ್ದರೂ ಅವರು ನೋಡುತ್ತಿದ್ದಿದ್ದು ಕಾಲು ಮಾತ್ರ. ಎದುರಾಳಿ ಹೊಡೆಯುವ ಕ್ಷಣಕ್ಕೆ ಸರಿಯಾಗಿ ಎರಡೂ ಪಾದದಲ್ಲಿ ಒಂದು ಸಣ್ಣ ಜಿಗಿತ ಬೇಕು. ಅದಿದ್ದರೆ ಯಾವ ದಿಕ್ಕಿಗಾದರೂ ಚಿಮ್ಮಬಹುದು. ಅದಿಲ್ಲದಿದ್ದರೆ ಎಂಥ ಕೈಚಳಕ ಇದ್ದರೂ ಶಟಲ್ ತಲುಪೋದೇ ಇಲ್ಲ.

ಇಷ್ಟೆಲ್ಲ ಕಲಿತೂ ನಾನು ವಿಟಿಯು ಝೋನಲ್‌ನಲ್ಲಿ ಎರಡನೇ ಸುತ್ತು ದಾಟಲಿಲ್ಲ, ಅದು ಬೇರೆ ಮಾತು.

ಸರ್‌ಗೆ ನಮ್ಮ ಟೀಮಿನ ಅಮೆರಿಕದ ಸಹೋದ್ಯೋಗಿ ಹೇಳಿದ್ದನ್ನು ಹೇಳಿದೆ. ಅವರ ಕಾಲೇಜು ಫುಟ್‌ಬಾಲ್ ಬೇರೆ ಥರದ್ದು. ಚೆಂಡು ಎಸೆಯುವ ಹೀರೋ ಮುಂದೆ ಐದು ಜನ ದಢೂತಿಗಳು ಗೋಡೆಯ ಹಾಗೆ ನಿಂತು ಅವನನ್ನು ಕಾಯುತ್ತಾರೆ. ಅವರು ಚೆಂಡು ಹಿಡಿದು ಓಡೋದೇ ಅಪರೂಪ, ಪಾಯಿಂಟ್ ಅಂತೂ ಹೀರೋಗಳಿಗೇ. ಹೆಚ್ಚಾಗಿ ಇವರ ನಂಬರ್ ಮೈಕಿನಲ್ಲಿ ಕೇಳಿಸೋದು ತಪ್ಪು ಮಾಡಿದಾಗ. ಆ ಐದು ಜನಕ್ಕೇ ಅಂತ ಒಬ್ಬ ಪ್ರತ್ಯೇಕ ಕೋಚ್. ಅವನೂ ಮೊದಲು ಕಲಿಸೋದು ಕಾಲು ಇಡೋದನ್ನೇ.

ಸರ್ ಜೋರಾಗಿ ನಕ್ಕರು. "ಆ ಕೋಚ್‌ಗೆ ನನ್ನ ನಮಸ್ಕಾರ ಹೇಳಪ್ಪಾ."

"ನಿಮಗೆ ಬೇಜಾರಾಗಿಲ್ವಾ ಸರ್, ಇಷ್ಟು ವರ್ಷ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆಗಿದೆ ಕಣೋ. ಒಂದು ದೊಡ್ಡ ಟ್ರೋಫಿ ತಂದುಕೊಡೋಕೆ ಆಗಲಿಲ್ಲ. ರಿಟೈರ್ ಆದ ದಿನ ಒಂದು ಶಾಲು, ಒಂದು ಹಾರ, ಮುಗೀತು. ಆದ್ರೆ ನೋಡು, ಪ್ರಕಾಶ್ ಗೆದ್ದಿದ್ದನ್ನ ಎಲ್ಲರೂ ಹೇಳ್ತಾರೆ. ಆಮೇಲೆ ಅವರು ಮಾಡಿದ ಕೆಲಸ ಎಷ್ಟು ಜನಕ್ಕೆ ಗೊತ್ತು?"

ನಿಜ. 1994ರಲ್ಲಿ ವಿಮಲ್ ಕುಮಾರ್ ಮತ್ತು ವಿವೇಕ್ ಕುಮಾರ್ ಜೊತೆ ಸೇರಿ ಅವರು ಬೆಂಗಳೂರಿನಲ್ಲಿ ಅಕಾಡೆಮಿ ಶುರು ಮಾಡಿದರು. ಅಲ್ಲಿ ಪಳಗಿದವರಲ್ಲಿ ಪುಲ್ಲೇಲ ಗೋಪಿಚಂದ್ ಒಬ್ಬರು. 2001ರಲ್ಲಿ ಅವರೂ ಆಲ್ ಇಂಗ್ಲೆಂಡ್ ಗೆದ್ದರು. ಆಮೇಲೆ ಅವರೇ ಹೈದರಾಬಾದಿನಲ್ಲಿ ಕೋಚ್ ಆಗಿ ಸೈನಾ, ಸಿಂಧು ಅವರನ್ನು ಒಲಿಂಪಿಕ್ಸ್ ಪದಕದವರೆಗೆ ಕರೆದುಕೊಂಡು ಹೋದರು. ಸೈನಾ ಮುಂದೆ ಬೆಂಗಳೂರಿಗೆ ಬಂದು ವಿಮಲ್ ಕುಮಾರ್ ಹತ್ತಿರ ಅಭ್ಯಾಸ ಮಾಡಿ 2015ರಲ್ಲಿ ವಿಶ್ವದ ನಂಬರ್ ಒನ್ ಆದರು. ಅಲ್ಮೋರಾದಿಂದ ಚಿಕ್ಕ ಹುಡುಗನಾಗಿ ಇಲ್ಲಿಗೆ ಬಂದ ಲಕ್ಷ್ಯ ಸೇನ್ 2022ರಲ್ಲಿ ಥಾಮಸ್ ಕಪ್ ಗೆದ್ದ ತಂಡದಲ್ಲಿದ್ದರು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಲಕ್ಷ್ಯ ಕಂಚಿನ ಪಂದ್ಯ ಆಡುವಾಗ ಕೋಚ್ ಕುರ್ಚಿಯಲ್ಲಿ ಕೂತಿದ್ದವರು 69 ವರ್ಷದ ಪ್ರಕಾಶ್. ಪಂದ್ಯಗಳು ಮುಗಿಯೋವರೆಗೂ ಪ್ರಕಾಶ್ ಸರ್ ತನ್ನ ಫೋನ್ ಕಿತ್ತಿಟ್ಟುಕೊಂಡಿದ್ದರು ಅಂತ ಲಕ್ಷ್ಯ ಆಮೇಲೆ ಹೇಳಿದರು. ಮೊದಲ ಗೇಮ್ ಗೆದ್ದೂ ಆ ಪಂದ್ಯ ಸೋತರು. ಎಲ್ಲ ಕಲಿಸಿಕೊಟ್ಟ ಮೇಲೂ ಕೋಚ್ ಕುರ್ಚಿಯಲ್ಲೇ ಕೂತಿರಬೇಕು. ರ‍್ಯಾಕೆಟ್ ತೆಗೆದುಕೊಂಡು ಒಳಗೆ ಹೋಗೋ ಹಾಗಿಲ್ಲ.

ಇದನ್ನೇ ಯೋಚಿಸುತ್ತಾ ವಾಪಸ್ ಬರುತ್ತಿದ್ದೆ. ಫುಟ್‌ಪಾತ್ ಮೇಲೆ ಒಂದು ಸ್ಕೂಟರ್ ಎದುರಿನಿಂದ ಸರ‍್ರನೆ ನುಗ್ಗಿತು. ನಾನು ಒಮ್ಮೆ ಚಿಕ್ಕದಾಗಿ ಜಿಗಿದು ಪಕ್ಕಕ್ಕೆ ಸರಿದೆ. ಏನಾಯಿತು ಅಂತ ನನಗೇ ಗೊತ್ತಾಗಲಿಲ್ಲ.

ಸರ್ ತರಕಾರಿ ಚೀಲ ಕೆಳಗಿಟ್ಟು ನನ್ನ ಕಾಲನ್ನೇ ನೋಡುತ್ತಿದ್ದರು. "ಹೊಟ್ಟೆ ಬಂದ್ರೂ ಅದು ಹೋಗಿಲ್ಲ," ಅಂದರು. ಮುಖದಲ್ಲಿ ಆ ಖುಷಿ ಇತ್ತಲ್ಲ, ನಾನು ಝೋನಲ್ ಗೆದ್ದಿದ್ದರೂ ಅಷ್ಟು ಇರುತ್ತಿತ್ತೋ ಇಲ್ಲವೋ.

ಸೋಮವಾರ ಫಾರಂನಲ್ಲಿ ನನ್ನ ಐದೂ ಜನರ ಹೆಸರು ಬರೆದೆ. ವರ್ಷದ ಹಿಂದೆ ಅವರಿಗೆ ಏನು ಬರುತ್ತಿರಲಿಲ್ಲ, ಈಗ ಏನು ಬರುತ್ತೆ ಅಂತ ಒಬ್ಬೊಬ್ಬರಿಗೆ ಎರಡೆರಡು ಸಾಲು. ಲೀಡ್ ಆಗಿ ಇನ್ನೊಂದು ವರ್ಷ ಇರುತ್ತೇನೆ ಅಂದೆ. "ಇದರಲ್ಲಿ ನಿಮ್ಮ ಕೆಲಸ ಎಲ್ಲಿದೆ?" ಅಂತ ಮ್ಯಾನೇಜರ್ ಕೇಳಿದರು. ರೇಟಿಂಗ್ ಇನ್ನೂ ಬಂದಿಲ್ಲ, ಚೆನ್ನಾಗಿ ಬರುತ್ತೆ ಅನ್ನೋ ಭರವಸೆಯೂ ಇಲ್ಲ.

ಅವತ್ತು ಸಂಜೆ ತಂಡದ ಹುಡುಗಿಯೊಬ್ಬಳು ಒಂದು ಬಗ್ ಹಿಡಿದುಕೊಂಡು ಎರಡು ಗಂಟೆ ಒದ್ದಾಡುತ್ತಿದ್ದಳು. ನನಗೆ ಉತ್ತರ ಗೊತ್ತಿತ್ತು. ಕೈ ಕೀಬೋರ್ಡ್ ಕಡೆ ಹೋಗಿಯೇಬಿಟ್ಟಿತ್ತು. ಹಿಂದಕ್ಕೆ ತೆಗೆದುಕೊಂಡೆ. "ಇನ್ನೊಂದು ಸಲ ಮೊದಲಿಂದ ನೋಡು, ನಾನು ಇಲ್ಲೇ ಇರ್ತೀನಿ," ಅಂದೆ.

ನಿಮ್ಮ ಕಾಲೇಜಿನಲ್ಲೂ ಒಬ್ಬ ಪಿಇ ಸರ್ ಅಥವಾ ಮೇಡಂ ಇದ್ದಿರಬೇಕು. ನಂಬರ್ ಇದ್ದರೆ ಒಂದು ಫೋನ್ ಮಾಡಿ. ದೋಸೆ ಬಿಲ್ ಮಾತ್ರ ಅವರು ಕೊಡೋಕೆ ಬಿಡಬೇಡಿ. ನಾನು ಸೋತಿದ್ದು ಅಲ್ಲೇ.