ಒಂದು ಟಿಕ್ ಗುರುತು, ಒಂದು ಘಟಕ ಪರೀಕ್ಷೆ

ಬೋಧನಾಭ್ಯಾಸದ ನಾಲ್ಕನೆಯ ವಾರ. ಒಂಬತ್ತನೆಯ ತರಗತಿಗೆ ‘ಶಬ್ದ’ ಘಟಕದ ಮೇಲೆ 20 ಅಂಕಗಳ ಪರೀಕ್ಷೆ ಇಟ್ಟಿದ್ದೆ. ಪ್ರಶ್ನೆಪತ್ರಿಕೆ ಹಂಚಿ ಎರಡು ನಿಮಿಷವೂ ಆಗಿರಲಿಲ್ಲ, ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ಮಿಸ್, ಇದು ಯಾವ ಭಾಷೆ?” ಎಂದಳು. ಹಾಳೆ ತೆಗೆದುಕೊಂಡು ನೋಡಿದೆ. ಶಾಲೆಯ ಹೆಸರು, ಅಂಕ, ಸಮಯ ಎಲ್ಲ ಕನ್ನಡದಲ್ಲೇ ಇದ್ದವು. ಪ್ರಶ್ನೆಗಳ ಜಾಗದಲ್ಲಿ ಮಾತ್ರ ತಲೆಯ ಮೇಲೆ ಚುಕ್ಕಿ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಹಿಂದೆ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕರು ತಲೆ ಎತ್ತಿದರು.

ಪ್ರಶ್ನೆಗಳನ್ನು ಕಪ್ಪುಹಲಗೆಯ ಮೇಲೆ ಬರೆಯುವಷ್ಟರಲ್ಲಿ 40 ನಿಮಿಷದ ಅವಧಿಯಲ್ಲಿ ಕಾಲು ಗಂಟೆ ಹೋಯಿತು. ಎರಡು ಪ್ರಶ್ನೆ ಕೈಬಿಟ್ಟೆ. ‘ಅನ್ವಯ’ಕ್ಕೆಂದು ಇಟ್ಟಿದ್ದವು ಅವೆರಡೇ. ಎರಡು ರಾತ್ರಿ ಕುಳಿತು ಮಾಡಿದ ನೀಲನಕ್ಷೆ ಅಲ್ಲಿಗೆ ಮುಗಿಯಿತು.

ಸಂಜೆ ಹಾಸ್ಟೆಲ್‌ನಲ್ಲಿ ಕಡತ ತೆರೆದೆ. ಅದರ ಮಾದರಿ ಹಿರಿಯ ವಿದ್ಯಾರ್ಥಿನಿಯೊಬ್ಬರು ಕೊಟ್ಟದ್ದು. ಪ್ರಶ್ನೆಗಳಿಗೆಂದೇ ಒಂದು ಸ್ಟೈಲ್ ಇತ್ತು, ಅದರ ಫಾಂಟ್ ಯೂನಿಕೋಡ್ ಅಲ್ಲದ ಹಳೆಯ ನುಡಿ. ಕೊನೆಯಲ್ಲಿ ಜವ, ತರಂಗದೂರ, ಆವೃತ್ತಿಗಳ ಸೂತ್ರವನ್ನು ಇಂಗ್ಲಿಷ್ ಸಂಕೇತಗಳಲ್ಲಿ ಕೊಡಬೇಕಿತ್ತು. ಆ ಸಾಲನ್ನು ಪೂರ್ತಿ ಆಯ್ದು ಟೈಮ್ಸ್ ನ್ಯೂ ರೋಮನ್ ಮಾಡಿದ್ದೆ. ಅದು ಎರಡನೆಯ ಪುಟದಲ್ಲಿತ್ತು. ಮೊದಲ ಪುಟದ ಪ್ರಶ್ನೆಗಳೂ ಅದರೊಂದಿಗೇ ಬದಲಾದದ್ದನ್ನು ನಾನು ಮತ್ತೆ ನೋಡಲೇ ಇಲ್ಲ. ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಓಡಿದೆ.

ಹೋಮ್ ಟ್ಯಾಬ್‌ನಲ್ಲಿ ಆ ಸ್ಟೈಲ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಮಾಡಿಫೈ’ ಒತ್ತಿದಾಗ ಕಾರಣ ಸಿಕ್ಕಿತು. ಕೆಳಗೆ ‘ಆಟೋಮ್ಯಾಟಿಕಲಿ ಅಪ್‌ಡೇಟ್’ ಎಂಬ ಚೌಕ, ಅದರಲ್ಲಿ ಟಿಕ್ ಗುರುತು. ಅದಿದ್ದರೆ ಆ ಸ್ಟೈಲ್‌ನ ಒಂದು ಪ್ಯಾರಾಕ್ಕೆ ಮಾಡಿದ ಬದಲಾವಣೆಯನ್ನು ವರ್ಡ್ ಸ್ಟೈಲ್‌ಗೇ ಮಾಡಿದ ಬದಲಾವಣೆ ಎಂದು ತೆಗೆದುಕೊಳ್ಳುತ್ತದೆ, ಆ ಸ್ಟೈಲ್‌ನ ಉಳಿದ ಪ್ಯಾರಾಗಳೂ ಹಾಗೇ ಆಗುತ್ತವೆ. ನಾನು ಪಾಠಯೋಜನೆಗಳನ್ನೆಲ್ಲ ‘ನಾರ್ಮಲ್’ ಸ್ಟೈಲ್‌ನಲ್ಲಿ ಟೈಪ್ ಮಾಡಿದವಳು. ಅದಕ್ಕೆ ಆ ಚೌಕವೇ ಇಲ್ಲ. ಹಾಗಾಗಿ ಇಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ. (ಬಿಎಸ್‌ಸಿಯಲ್ಲಿ ಕಂಪ್ಯೂಟರ್ ಪತ್ರಿಕೆ ಬರೆದು ಪಾಸಾದವಳು ನಾನು!)

ಟಿಕ್ ತೆಗೆದು, ಸ್ಟೈಲ್‌ನ ಫಾಂಟ್ ಮತ್ತೆ ನುಡಿ ಮಾಡಿದೆ. ಪ್ರಶ್ನೆಗಳೆಲ್ಲ ಒಮ್ಮೆಗೇ ಕನ್ನಡಕ್ಕೆ ಮರಳಿದವು. ಅಕ್ಷರ ಒಂದೂ ಹೋಗಿರಲಿಲ್ಲ, ಫಾಂಟ್ ಮಾತ್ರ ಬದಲಾಗಿತ್ತು. ಈಗ ಇಂಗ್ಲಿಷ್‌ನಲ್ಲಿ ಗೊಂದಲವಾದದ್ದು ಸೂತ್ರದ ಸಾಲು. ಅದಕ್ಕೆ ಬೇರೆ ಹೆಸರಿನ ಸ್ಟೈಲ್ ಮಾಡಿಕೊಂಡೆ.

ಆ ಚೌಕ ಕೆಟ್ಟದ್ದೇನಲ್ಲ. ನನ್ನದೇ ಕಡತದಲ್ಲಿ ಎಲ್ಲ ಉಪಶೀರ್ಷಿಕೆಗಳೂ ಒಂದೇ ರೀತಿ ಇರಬೇಕಾದರೆ ಕೆಲಸ ಉಳಿಸುತ್ತದೆ. ಕೈಯಿಂದ ಕೈಗೆ ಹೋಗುವ ಮಾದರಿ ಕಡತದಲ್ಲಿ ಮಾತ್ರ ಅದು ಇರಬಾರದು ಎನ್ನುವುದು ನನ್ನ ಅಭಿಪ್ರಾಯ.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಇಷ್ಟೇ: “ಹಂಚುವ ಮೊದಲು ಪ್ರಶ್ನೆಪತ್ರಿಕೆ ಓದಿ.” ಬಿಟ್ಟುಹೋದ ಎರಡು ಪ್ರಶ್ನೆಗಳನ್ನು ಮುಂದಿನ ಸೋಮವಾರ ಮಕ್ಕಳಿಗೆ ಬಾಯಿಮಾತಿನಲ್ಲೇ ಕೇಳಿದೆ. ಭಾಷೆ ಯಾವುದೆಂದು ಕೇಳಿದ ಹುಡುಗಿಯೇ ಮೊದಲು ಕೈ ಎತ್ತಿದಳು.