ಓರೆಬೆಳಕು

ಮನುಷ್ಯನ ಮುಖವು ಸಮತಲವಾದ ಹಲಗೆಯಲ್ಲ. ಹಣೆ ಉಬ್ಬು, ಕಣ್ಣು ತಗ್ಗು, ಮೂಗು ದಿಣ್ಣೆ, ಕೆನ್ನೆ ಇಳಿಜಾರು. ಇವುಗಳ ಪರಸ್ಪರ ಸಂಬಂಧವೇ ಮುಖಲಕ್ಷಣ. ಈ ಏರುತಗ್ಗುಗಳನ್ನು ಕಣ್ಣಿಗೆ ತಿಳಿಸಿಕೊಡುವುದು ಬೆಳಕೊಂದೇ ಅಲ್ಲ, ಬೆಳಕಿನ ಸಂಗಡ ಬರುವ ನೆರಳು ಕೂಡ. ಹೇಳುವುದಕ್ಕೆ ಇದು ಸುಲಭದ ಮಾತು. ಆದರೆ ಬೆಟಗೇರಿಯ ಒಬ್ಬ ತರುಣನು ಇದನ್ನು ಕೈಗೆ ತಂದುಕೊಳ್ಳಲು ಒಂದು ಮಳೆಗಾಲವನ್ನೆಲ್ಲ ವೆಚ್ಚಮಾಡಬೇಕಾಯಿತು.

ಆತನ ತಂದೆಯದೊಂದು ಚಿಕ್ಕ ಫೋಟೋ ಸ್ಟುಡಿಯೋ. ಮುಖ ಬೆಳ್ಳಗಿರಬೇಕು, ನೆರಳು ಬೀಳಕೂಡದು ಎಂಬುದು ಅಲ್ಲಿಗೆ ಬರುವ ಗಿರಾಕಿಗಳ ಅಪೇಕ್ಷೆ. ಕ್ಯಾಮರದ ನೆತ್ತಿಯ ಮೇಲೆ ಫ್ಲಾಶನ್ನು ಕೂಡ್ರಿಸಿ, ಮುಖಕ್ಕೆ ನೇರವಾಗಿ ಬೆಳಕನ್ನು ಎರಚಿ, ತಂದೆಯು ಆ ಅಪೇಕ್ಷೆಯನ್ನು ಬಹುಕಾಲದಿಂದ ಸಲ್ಲಿಸುತ್ತ ಬಂದಿದ್ದನು. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬಳಿದ್ದಳು. ಫೋಟೋದವರ ಮನೆಯಲ್ಲಿದ್ದೂ ಗುರುತಿನ ಚೀಟಿಯ ಮೇಲಿನದೊಂದನ್ನು ಬಿಟ್ಟರೆ ಆಕೆಯ ಭಾವಚಿತ್ರವೇ ಇರಲಿಲ್ಲ. ಮೊಮ್ಮಗನು ಒಂದು ದಿನ ಆಕೆಯನ್ನು ಗೋಡೆಯ ಮುಂದೆ ಕುಳ್ಳಿರಿಸಿದಾಗ, “ಯಾಕಪಾ, ಹಾರಾ ಹಾಕಾಕ ಈಗಿಂದನ ಪಟಾ ತಯಾರ ಮಾಡಾಕತ್ತಿಯೇನು?” ಎಂದು ಆಕೆ ನಕ್ಕಳು. ಆ ಪ್ರಶ್ನೆಗೆ ಆತನಲ್ಲಿ ಉತ್ತರವಿರಲಿಲ್ಲ. ಫ್ಲಾಶು ಮಿಂಚಿತು, ಆಕೆ ಕಣ್ಣು ಮುಚ್ಚಿದಳು. ಹತ್ತು ಸಲ ತೆಗೆದರೂ ಒಂಬತ್ತರಲ್ಲಿ ಕಣ್ಣು ಮುಚ್ಚಿದ್ದಿತು. ಕಣ್ಣು ತೆರೆದಿದ್ದ ಒಂದನ್ನು ತೋರಿಸಿದಾಗ, “ಇದ್ಯಾರು? ಹಿಟ್ಟು ಬಡದ್ಹಂಗ ಐತಲ್ಲೋ!” ಎಂದು ಎದ್ದುಹೋದಳು.

ಆಕೆಯ ಮಾತು ಸತ್ಯವಾಗಿತ್ತು. ನೋಡುವ ಕಣ್ಣೂ ಬೆಳಗುವ ದೀಪವೂ ಒಂದೇ ಸ್ಥಾನದಲ್ಲಿದ್ದರೆ, ಕಣ್ಣಿಗೆ ಕಾಣುವ ಭಾಗವೆಲ್ಲ ಒಂದೇ ಸಮನೆ ಬೆಳಗುತ್ತದೆ. ನೆರಳೆಲ್ಲ ವಸ್ತುವಿನ ಬೆನ್ನಿಗೆ ಅಡಗಿ, ಹಿಂದಿನ ಗೋಡೆಯ ಮೇಲೆ ಕರಿಯ ಅಂಚಾಗಿ ಅಂಟಿಕೊಳ್ಳುತ್ತದೆ. ಸುಕ್ಕೂ ಇಲ್ಲ, ಮೂಗೂ ಇಲ್ಲ, ವಯಸ್ಸೂ ಇಲ್ಲ. 1887ರಲ್ಲಿ ಜರ್ಮನಿಯವರು ಮೆಗ್ನೀಸಿಯಮ್ಮಿನ ಪುಡಿಯನ್ನು ಸುಟ್ಟು ಮಿಂಚುಬೆಳಕನ್ನು ಸಾಧಿಸಿದರು. ಅಮೇರಿಕೆಯ ಹೆರಾಲ್ಡ್ ಎಜರ್ಟನ್ ಎಂಬ ಪಂಡಿತನು 1931ರ ಸುಮಾರಿಗೆ ವಿದ್ಯುತ್ತಿನ ಫ್ಲಾಶಿಗೆ ದಾರಿಮಾಡಿದನು. ಕತ್ತಲೆಯನ್ನು ಗೆಲ್ಲುವ ಸಾಧನವು ಹೀಗೆ ಕೈಗೆ ಬಂದಿತು. ಅದನ್ನು ಎಲ್ಲಿಡಬೇಕೆಂಬ ವಿವೇಕವನ್ನು ಮಾತ್ರ ಪ್ರತಿಯೊಬ್ಬನೂ ತಾನೇ ಸಂಪಾದಿಸಬೇಕು.

ತರುಣನು ಫ್ಲಾಶನ್ನು ಕ್ಯಾಮರದಿಂದ ಬೇರ್ಪಡಿಸಿ, ದೂರದಿಂದಲೇ ಅದನ್ನು ಮಿಂಚಿಸುವ ರೇಡಿಯೋ ಟ್ರಿಗರೊಂದನ್ನು ತರಿಸಿಕೊಂಡನು. ಅಜ್ಜಿಯನ್ನು ಪುನಃ ದಣಿಸಲು ಮನಸ್ಸಾಗದೆ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಸ್ಟೂಲಿನ ಮೇಲೊಂದು ಮಣ್ಣಿನ ಗಡಿಗೆಯನ್ನಿಟ್ಟು ಅಭ್ಯಾಸಕ್ಕೆ ತೊಡಗಿದನು. ದೀಪವನ್ನು ಬದಿಗೆ ಸರಿಸುತ್ತ ಹೋದಂತೆ ಗಡಿಗೆಯು ಗುಂಡಾಗುತ್ತ ಬಂದಿತು. ದೂರವು ಇಮ್ಮಡಿಯಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲುಪಾಲಾಗುತ್ತದೆ; ಮುಮ್ಮಡಿಯಾದರೆ ಒಂಬತ್ತರಲ್ಲೊಂದು ಪಾಲು. ಆದ್ದರಿಂದ ದೀಪವು ಗಡಿಗೆಗೆ 1 ಮೀಟರಿನಲ್ಲಿದ್ದು ಗೋಡೆಯು ದೀಪಕ್ಕೆ 3 ಮೀಟರಿನಲ್ಲಿದ್ದರೆ, ಗೋಡೆಯು ತಾನಾಗಿಯೇ ಕತ್ತಲೆಗೆ ಸರಿಯುತ್ತದೆ. ಹತ್ತಿರದ ದೀಪವು ಉಗ್ರವೆಂದು ಆತನು ಭಾವಿಸಿದ್ದನು. ಬಿಳಿಯ ಛತ್ರಿಯೊಂದನ್ನು ಅಡ್ಡಹಿಡಿದು ನೋಡಿದಾಗ ವಿಪರೀತವೇ ಕಂಡಿತು: ಹತ್ತಿರ ತಂದಷ್ಟೂ ಛತ್ರಿಯು ಗಡಿಗೆಯ ಪಾಲಿಗೆ ದೊಡ್ಡದಾಗಿ, ನೆರಳಿನ ಅಂಚು ಮೆತ್ತಗಾಯಿತು. ಫ್ಲಾಶಿನ ಮಿಂಚು ಸೆಕೆಂಡಿನ ಸುಮಾರು ಸಾವಿರದಲ್ಲೊಂದು ಭಾಗ, ಇಲ್ಲವೆ ಅದಕ್ಕೂ ಕಡಿಮೆ ಹೊತ್ತಿನದು. ಆದಕಾರಣ ಷಟರಿನ ವೇಗವನ್ನು 1/60ಕ್ಕೆ ಇಟ್ಟರೂ 1/160ಕ್ಕೆ ಇಟ್ಟರೂ ಅದಕ್ಕೆ ಬಾಧೆಯಿಲ್ಲ. ಹೆಚ್ಚುಕಡಿಮೆಯಾಗುವುದು ಕೋಣೆಯ ಸಹಜವಾದ ಬೆಳಕು ಮಾತ್ರ. ಈ ಸಂಗತಿಗಳನ್ನೆಲ್ಲ ಆತನು ಒಂದು ವಹಿಯಲ್ಲಿ ಬರೆದಿಟ್ಟನು.

ಶ್ರಾವಣದ ಒಂದು ರವಿವಾರ ಗೆಳೆಯರ ಸಂಗಡ ಲಕ್ಕುಂಡಿಗೆ ಹೋದಾಗ, ಆತನು ಮೊದಲೇ ಎಷ್ಟೋ ಸಲ ಕಂಡಿದ್ದ ಕಾಶಿವಿಶ್ವನಾಥ ದೇವಾಲಯದ ಗೋಡೆಗಳು ಅಂದು ಬೇರೆಯಾಗಿ ಕಂಡವು. ಮೋಡ ಮುಸುಕಿದ್ದಾಗ ಬಳಪದ ಕಲ್ಲಿನ ಮೇಲಿನ ಕೆತ್ತನೆಯು ಒಂದೇ ಬೂದಿಬಣ್ಣವಾಗಿ ಮಲಗಿದ್ದಿತು. ಸಂಜೆಯ ಬಿಸಿಲು ಒಮ್ಮೆ ಗೋಡೆಯನ್ನು ಓರೆಯಾಗಿ ಸವರಿಕೊಂಡು ಹೋಗಲು, ಬಳ್ಳಿಯ ಸುರುಳಿಗಳು ಒಂದೊಂದಾಗಿ ಕಲ್ಲಿನಿಂದೆದ್ದು ನಿಂತವು. ಉಳಿಯು ಕೊರೆದದ್ದು ತಗ್ಗನ್ನು. ಆ ತಗ್ಗಿನಲ್ಲಿ ನೆರಳು ಬಂದು ಕುಳಿತಾಗಲೇ ಶಿಲ್ಪಿಯ ಕೆಲಸವು ಪೂರ್ತಿಯಾದಂತೆ ತೋರಿತು.

ಆದರೂ ಅಜ್ಜಿಗೆ ದೀಪವನ್ನು ಯಾವ ಕಡೆಗೆ ಇಡಬೇಕೆಂಬುದನ್ನು ಗಡಿಗೆಯಾಗಲಿ ಗುಡಿಯಾಗಲಿ ಹೇಳಿಕೊಡಲಿಲ್ಲ. ಅದನ್ನು ಹೇಳಿದವಳು ಅಜ್ಜಿಯೇ. ಆಕೆಯ ಆಯುಷ್ಯದ ಬಹುಭಾಗವು ಕುಣಿಮಗ್ಗದ ಪಕ್ಕದಲ್ಲಿ ಕಂಡಿಕೆ ಸುತ್ತುವುದರಲ್ಲಿ ಕಳೆದಿತ್ತು. “ಆಯಿ, ನೀ ಆಗ ಎಲ್ಲಿ ಕುಂಡರತಿದ್ದಿ?” ಎಂದು ಆತನು ಸಹಜವಾಗಿ ಕೇಳಿದನು. “ಕಿಟಕಿ ಎಡಕ್ಕ ಬರೂಹಂಗ. ಎಳಿ ಹರದ್ರ ಕಾಣಬೇಕಲ್ಲಪಾ” ಎಂದಳು. ಮರುದಿನ ಆತನು ಛತ್ರಿಯನ್ನು ಆಕೆಯ ಎಡಗಡೆಗೆ, ತಲೆಗಿಂತ ತುಸು ಮೇಲಕ್ಕೆ ನಿಲ್ಲಿಸಿ, ಬಲಗಡೆಗೆ ತಂದೆಯ ಬಿಳಿಯ ಧೋತರವೊಂದನ್ನು ತೂಗುಹಾಕಿದನು. ಹೊಸ್ತಿಲ ಮೇಲಿನ ದೀಪವು ಒಳಗನ್ನೂ ಹೊರಗನ್ನೂ ಬೆಳಗುವುದನ್ನು ಶಾಸ್ತ್ರಕಾರರು ದೇಹಲೀದೀಪನ್ಯಾಯವೆನ್ನುವರು. ಹಾಗೆಯೇ ಆ ಒಂದೇ ಮಿಂಚು ಎಡಗೆನ್ನೆಯನ್ನು ತಾನೇ ಬೆಳಗಿ, ಧೋತರಕ್ಕೆ ತಾಗಿ ಮರಳಿ ಬಲಗೆನ್ನೆಗೂ ತುಸು ಬೆಳಕನ್ನು ಹಂಚಿತು. ಬೆಳಕು ಕಣ್ಣಿಗೆ ನೇರವಾಗಿ ಹೊಡೆಯದಿದ್ದುದರಿಂದ ಆಕೆ ಕಣ್ಣು ಮುಚ್ಚಲಿಲ್ಲ. ಕತ್ತಲೆಯ ಬದಿಯ ಕಣ್ಣಿನ ಕೆಳಗೆ ಒಂದು ಚಿಕ್ಕ ತ್ರಿಕೋನಾಕಾರದ ಬೆಳಕು ಉಳಿಯಿತು. 1669ರಲ್ಲಿ ಗತಿಸಿದ ಡಚ್ ಚಿತ್ರಕಾರ ರೆಂಬ್ರಾಂಟನ ಹೆಸರಿನಿಂದ ಛಾಯಾಚಿತ್ರಕಾರರು ಕರೆಯುವುದು ಇದನ್ನೇ.

ತಂದೆಯು ಚಿತ್ರವನ್ನು ಕಂಪ್ಯೂಟರಿನಲ್ಲಿ ನೋಡಿ ಕೆಲಹೊತ್ತು ಸುಮ್ಮನಿದ್ದನು. ಬಳಿಕ ರೂಢಿಯಂತೆ ಬಲಗೆನ್ನೆಯನ್ನು ಬೆಳ್ಳಗೆ ಮಾಡಲು, ಹಣೆಯ ಗೆರೆಗಳನ್ನು ಅಳಿಸಲು ಕೈಹಾಕಿದನು. ಅದು ಆತನ ತಪ್ಪಲ್ಲ. ಅಷ್ಟು ವರ್ಷ ಮನೆಯವರ ಹೊಟ್ಟೆಗೆ ಅನ್ನ ಹಾಕಿದ್ದು ಅದೇ ಕೆಲಸ. ಮಗನು ಏನೂ ಹೇಳಲಾರದೆ ನಿಂತಿರಲು, ಹಿಂದೆ ಕುಳಿತಿದ್ದ ಅಜ್ಜಿಯೇ ತಡೆದಳು: “ಬ್ಯಾಡ, ಇರ್ಲಿ ಬಿಡು. ಆ ಕಡೆ ಕತ್ತಲನ ಇತ್ತು.”

ಸ್ಟುಡಿಯೋಕ್ಕೆ ಬರುವವರು ಇಂದಿಗೂ ಬೆಳ್ಳನೆಯ ಮುಖವನ್ನೇ ಕೇಳುತ್ತಾರೆ. ತಂದೆ ಮಕ್ಕಳು ಅದನ್ನು ಮಾಡಿಕೊಡುತ್ತಾರೆ. ಆದರೆ ಮುದುಕರು ಯಾರಾದರೂ ಬಂದು ಕುಳಿತರೆ ತರುಣನು ಮೊದಲು ಅವರ ಕಸುಬನ್ನು ವಿಚಾರಿಸುತ್ತಾನೆ, ಬಳಿಕ ಛತ್ರಿಯನ್ನು ಸರಿಸಿ ಇನ್ನೊಂದು ಚಿತ್ರವನ್ನು ತೆಗೆಯುತ್ತಾನೆ. ಅದಕ್ಕೆ ಹಣ ಕೇಳುವುದಿಲ್ಲ. ಅಜ್ಜಿಯ ಚಿತ್ರಕ್ಕೆ ಕಟ್ಟು ಹಾಕಿಸಿದ್ದಾಯಿತು, ಆದರೆ ಅದು ಗೋಡೆಯನ್ನೇರಲಿಲ್ಲ. ಆಕೆ ಅದನ್ನು ತನ್ನ ಟ್ರಂಕಿನಲ್ಲಿ, ಸೀರೆಗಳ ನಡುವೆ ಇಟ್ಟುಕೊಂಡಿದ್ದಾಳೆ. ನೆರೆಯ ಹೆಂಗಸರು ಬಂದರೆ ತೆಗೆದು ತೋರಿಸುತ್ತಾಳೆ. ಮೊಮ್ಮಗನು ಮೊಳೆ ಹೊಡೆಯಲು ಬಂದಾಗ ಆಕೆ ಹೇಳಿದ್ದು ಇಷ್ಟೇ: “ಗ್ವಾಡಿಗೆ ಆಮ್ಯಾಲ ಹಾಕೀರಂತ. ಈಗ ನಾ ನೋಡ್ತೀನಿ.”