ಮೋಡದೊಳಗಣ ದಿಗಂತ

ಮನುಷ್ಯನು ತನ್ನ ಇಂದ್ರಿಯಗಳನ್ನು ನಂಬಿ ಬಾಳುತ್ತಾನೆ. ಕಣ್ಣು ಕಂಡದ್ದು, ಮೈ ಅರಿತದ್ದು ಸುಳ್ಳಾದೀತೆಂದು ಅವನಿಗೆ ತೋರುವುದೇ ಇಲ್ಲ. ನೆಲದ ಮೇಲೆ ಈ ನಂಬಿಕೆ ಬಹುಮಟ್ಟಿಗೆ ಸಲ್ಲುತ್ತದೆ. ಆದರೆ ಸಣ್ಣ ವಿಮಾನವೊಂದು ಮಳೆಮೋಡವನ್ನು ಹೊಕ್ಕಾಗ ಅದೇ ನಂಬಿಕೆಯು ಪ್ರಾಣಕ್ಕೆ ಎರವಾಗುತ್ತದೆ.

ಇದಕ್ಕೆ ಕಾರಣ ಒಳಗಿವಿಯಲ್ಲಿದೆ. ಅಲ್ಲಿಯ ಮೂರು ಅರ್ಧವೃತ್ತ ನಾಳಗಳ ದ್ರವವು ಅಲುಗಿದಾಗ ದೇಹಕ್ಕೆ ತಾನು ತಿರುಗುತ್ತಿರುವುದು ತಿಳಿಯುತ್ತದೆ. ವಿಮಾನವು ಮೆಲ್ಲನೆ ವಾಲಿ ಒಂದೇ ವೇಗದಲ್ಲಿ ತಿರುಗುತ್ತಿದ್ದರೆ ಆ ದ್ರವವೂ ನಾಳದೊಡನೆ ಸಮವಾಗಿ ಸಾಗುತ್ತದೆ; ಚಾಲಕನಿಗೆ ತಾನು ನೇರವಾಗಿ ಹಾರುತ್ತಿರುವಂತೆಯೇ ಭಾಸವಾಗುತ್ತದೆ. ವಾಲಿಕೆಯನ್ನು ಸರಿಪಡಿಸಿದೊಡನೆ ಎದುರು ಬದಿಗೆ ವಾಲಿದಂತೆನಿಸಿ, ಅವನು ಮತ್ತೆ ಹಳೆಯ ತಪ್ಪಿಗೇ ಮರಳುತ್ತಾನೆ. ಹೀಗೆ ಸುತ್ತುತ್ತ ಸುತ್ತುತ್ತ ವಿಮಾನವು ನೆಲದತ್ತ ಧಾವಿಸುತ್ತದೆ.

ಅಮೆರಿಕದ ವೈಮಾನಿಕ ಜಿಮ್ಮಿ ಡೂಲಿಟಲ್ ಈ ಪಾಠವನ್ನು ಆಕಾಶದಲ್ಲಿಯೇ ಕಲಿತವನು. 1922ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾದಿಂದ ಕ್ಯಾಲಿಫೋರ್ನಿಯಾಕ್ಕೆ ಹಾರುವಾಗ ಇರುಳಿನ ಗುಡುಗು ಮಿಂಚಿನ ಮೋಡಗಳು ಆತನನ್ನು ಮುತ್ತಿದವು. ವಾಲಿಕೆ ಮತ್ತು ತಿರುವುಗಳನ್ನು ತೋರುವ ಒಂದು ಚಿಕ್ಕ ಉಪಕರಣವೇ ಅಂದು ಆತನಿಗೆ ಆಸರೆಯಾಯಿತು.

ಏಳು ವರ್ಷಗಳ ತರುವಾಯ, 1929ರ ಸೆಪ್ಟೆಂಬರ್ 24ರಂದು, ನ್ಯೂಯಾರ್ಕಿನ ಬಳಿಯ ಮಿಚೆಲ್ ಫೀಲ್ಡ್‌ನಲ್ಲಿ ಆತನು ತನ್ನ ಆಸನದ ಮೇಲೆ ಬಟ್ಟೆಯ ಮುಸುಕು ಹಾಕಿಸಿಕೊಂಡು ಹಾರಿದನು. ಕೃತಕ ದಿಗಂತ, ದಿಕ್ಕು ತೋರುವ ಗೈರೊ, ಸೂಕ್ಷ್ಮ ಎತ್ತರಮಾಪಕ, ರೇಡಿಯೊ ಸಂಕೇತ – ಇವಷ್ಟೇ ಆತನ ಕಣ್ಣುಗಳು. ಮುಂದಿನ ಆಸನದಲ್ಲಿ ಕುಳಿತ ಬೆನ್ ಕೆಲ್ಸಿ, ತಾನು ಏನನ್ನೂ ಮುಟ್ಟುತ್ತಿಲ್ಲವೆಂದು ಕೆಳಗಿನವರಿಗೆ ತಿಳಿಯಲೆಂದು, ಕೈಗಳನ್ನು ಹೊರಗೆ ಕಾಣುವಂತೆ ಇರಿಸಿಕೊಂಡಿದ್ದನು. ಸುಮಾರು 15 ನಿಮಿಷಗಳಲ್ಲಿ ವಿಮಾನವು ಏರಿ, ಸುತ್ತಿ, ಮರಳಿ ನೆಲ ಸೇರಿತು. ಹೊರಗನ್ನು ಕಾಣದೆಯೇ ಏರಿ ಇಳಿದ ಮೊದಲ ಹಾರಾಟವದು. ಆದರೂ ತಾನು ಇಳಿಸಿದ ರೀತಿ ಅಷ್ಟೇನೂ ಸೊಗಸಾಗಿರಲಿಲ್ಲವೆಂದು ಆತನೇ ಒಪ್ಪಿಕೊಂಡನು.

ಉಪಕರಣವಿದ್ದ ಮಾತ್ರಕ್ಕೆ ಸಾಲದು, ಅದನ್ನು ನಂಬುವ ಅಭ್ಯಾಸವೂ ಬೇಕು. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯವು ಇಂತಹ ಅಭ್ಯಾಸವಿಲ್ಲದ 20 ಮಂದಿಯನ್ನು ಮೋಡದಂತಹ ಸ್ಥಿತಿಯಲ್ಲಿ ಪರೀಕ್ಷಿಸಿತು. ಎಲ್ಲರೂ ಹತೋಟಿ ಕಳೆದುಕೊಂಡರು; ಅದಕ್ಕೆ ಹಿಡಿದ ಸರಾಸರಿ ಕಾಲ 178 ಸೆಕೆಂಡುಗಳು. ಬಳಿಕ ಅವರಿಗೆ ಕಲಿಸಿದ್ದು ಮೋಡವನ್ನು ಗೆಲ್ಲುವ ವಿದ್ಯೆಯನ್ನಲ್ಲ. ಮುಳ್ಳನ್ನು ನೋಡುತ್ತ, ಮೈಯ ಮಾತಿಗೆ ಕಿವಿಗೊಡದೆ, ಮೆಲ್ಲನೆ ಅರ್ಧ ಸುತ್ತು ತಿರುಗಿ ಬಂದ ದಾರಿಗೆ ಮರಳುವ ವಿದ್ಯೆಯನ್ನು. ಅಷ್ಟನ್ನು ಕಲಿತವರು ಬಹುತೇಕ ಪ್ರತಿ ಸಲವೂ ಸುರಕ್ಷಿತವಾಗಿ ಹೊರಬಂದರು.

ತನಗೆ ತೋರಿದ್ದೆಲ್ಲ ನಿಜವಲ್ಲವೆಂದು ಒಪ್ಪುವುದು ಯಾರಿಗೂ ಸುಲಭವಲ್ಲ. ಮೋಡದೊಳಗೆ ಸಿಲುಕಿದ ಚಾಲಕನಿಗಾದರೋ, ಅದನ್ನು ಒಪ್ಪಲು ಮೂರು ನಿಮಿಷಗಳ ಕಾಲಾವಕಾಶವೂ ಇರುವುದಿಲ್ಲ. ಆದುದರಿಂದ ಆ ಒಪ್ಪಿಗೆಯನ್ನು ಆಕಾಶ ತಿಳಿಯಾಗಿರುವಾಗಲೇ ಅಭ್ಯಾಸ ಮಾಡಿಕೊಂಡಿರಬೇಕು.